ಗಲ್ಫಿಗೆ ಹೊರಟವರ ಕಾರು ಶೆಡ್ಡಿನಲ್ಲಿ ಕೊಳೆಯದಿರಲಿ

ಆಗಸ್ಟ್ ಕೊನೆಗೆ ಗಲ್ಫಿನ ಶಾಲೆಗಳು ಮತ್ತೆ ಶುರುವಾಗುವ ಹೊತ್ತಿಗೆ ಬಂದ್ಯೋಡು, ಉಪ್ಪಳ, ಕುಂಬಳೆ ಆಸುಪಾಸಿನ ಎಷ್ಟೋ ಮನೆಗಳ ರಜೆ ಮುಗಿಯುತ್ತದೆ. ಸಂಸಾರವನ್ನು ಮಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿಸಿ ಬಂದ ತಮ್ಮನೋ ಭಾವನೋ, ಮಳೆಯಲ್ಲಿ ತೊಯ್ದ ಕಾರನ್ನು ಹಾಗೆಯೇ ಶೆಡ್ಡಿಗೆ ಹಾಕುತ್ತಾನೆ. ಹ್ಯಾಂಡ್‌ಬ್ರೇಕ್ ಎಳೆದು, ಪ್ಲಾಸ್ಟಿಕ್ ಹೊದಿಕೆ ಹೊದೆಸಿ, ಕೀಲಿಯನ್ನು ಅಮ್ಮನ ಕಪಾಟಿನಲ್ಲಿಟ್ಟು ಹೋಗುತ್ತಾನೆ. ಮತ್ತೆ ಕಾರು ಅಂಗಳಕ್ಕಿಳಿಯುವುದು ಮುಂದಿನ ಜುಲೈಯಲ್ಲಿ. ಇದರಲ್ಲಿ ಒಂದು ಕೆಲಸವೂ ಕಾರಿಗೆ ಒಳ್ಳೆಯದಲ್ಲ.

ಚಳಿಗಾಲಕ್ಕೆ ಕಾರನ್ನು ಗ್ಯಾರೇಜಿನಲ್ಲಿ ಮುಚ್ಚಿಡುವ ಪದ್ಧತಿ ಕೆನಡಾ, ಉತ್ತರ ಯೂರೋಪಿನದು. ರೇಡಿಯೇಟರಿನ ನೀರು ಹೆಪ್ಪುಗಟ್ಟುವುದು ಮತ್ತು ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು, ಇವೆರಡು ಅಲ್ಲಿನವರ ಭಯ. ನಮ್ಮಲ್ಲಿ ಉಪ್ಪನ್ನು ಯಾರೂ ಎರಚಬೇಕಿಲ್ಲ, ಶಿರಿಯ ಕಡೆಯಿಂದ ಬೀಸುವ ಕಡಲ ಗಾಳಿಯೇ ಅದನ್ನು ಹೊತ್ತು ತರುತ್ತದೆ. ಅದರ ಮೇಲೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ತುಳುನಾಡಿನಲ್ಲಿ ಕೋಲ, ಮೇಳದ ಆಟಗಳೆಲ್ಲ ಪತ್ತನಾಜೆಗೆ ನಿಲ್ಲುವುದು ಈ ಮಳೆಗೆ ಹೆದರಿಯೇ. 2025ರಲ್ಲಂತೂ ಮುಂಗಾರು ಜೂನ್ 1ಕ್ಕೆ ಕಾಯದೆ ಮೇ 24ಕ್ಕೇ ಕೇರಳಕ್ಕೆ ಬಂತು, ಸರಿಯಾಗಿ ಪತ್ತನಾಜೆಯ ಹೊತ್ತಿಗೆ. ಹಾಗಾಗಿ ನಮ್ಮೂರಿನ ನಿಂತ ಕಾರಿಗೆ ಎರಡು ಸಲ ಆರೈಕೆ ಬೇಕು: ಮನೆಯವರು ಹೊರಡುವಾಗ ಒಮ್ಮೆ, ಪತ್ತನಾಜೆಗೆ ಮೊದಲು ಇನ್ನೊಮ್ಮೆ.

ಮೊದಲ ಕೆಲಸ ತೊಳೆಯುವುದು. ಬಾನೆಟ್ಟು, ಬಾಗಿಲು ಮಾತ್ರ ಹೊಳೆಯುವಂತೆ ತೊಳೆದರೆ ಅದು ಮದುವೆಗೆ ಹೋಗುವ ಸಿಂಗಾರ. ನಿಲ್ಲಿಸಿಡುವ ಕಾರಿಗೆ ನೀರು ಹೊಡೆಯಬೇಕಾದ್ದು ಅಡಿಭಾಗಕ್ಕೆ, ಚಕ್ರದ ಮೇಲ್ಗಡೆಯ ಕಮಾನಿಗೆ. ಅಲ್ಲಿ ಮೆತ್ತಿಕೊಂಡ ಕೆಂಪು ಮಣ್ಣು ವಾರಗಟ್ಟಲೆ ಒದ್ದೆಯನ್ನು ಹಿಡಿದಿಟ್ಟುಕೊಂಡು ತಗಡನ್ನು ತಿನ್ನುತ್ತದೆ. ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ, ಮಾವು ಹಲಸಿನ ಎಲೆಗಳು ಸೇರಿಕೊಂಡಿದ್ದರೆ ಕೈ ಹಾಕಿ ತೆಗೆಯಿರಿ. ಅಲ್ಲಿ ನೀರು ಹರಿದುಹೋಗುವ ತೂತು ಕಟ್ಟಿಕೊಂಡರೆ ನೀರು ಕಾರಿನ ಒಳಗೇ ಇಳಿಯಬಹುದು. ತೊಳೆದ ಮೇಲೆ ಎರಡು ದಿನ ಒಣಗಿಸಿ. ಕಾಲಡಿಯ ಮ್ಯಾಟನ್ನು ಮನೆಯೊಳಗಿಡಿ. ಕೊನೆಯ ಸಲ ಓಡಿಸುವಾಗ ಎ.ಸಿ. ಆರಿಸಿ ಫ್ಯಾನ್ ಮಾತ್ರ ಐದು ಹತ್ತು ನಿಮಿಷ ತಿರುಗಲಿ. ಎ.ಸಿ.ಯ ಒಳಗೆ ಉಳಿದ ತೇವವೇ ಆಮೇಲೆ ಬೂಸ್ಟಿನ ವಾಸನೆಯಾಗಿ ಮೂಗಿಗೆ ಹೊಡೆಯುವುದು. ಗೆರಟೆಯ ಇದ್ದಿಲನ್ನು ಬಟ್ಟೆಯಲ್ಲಿ ಕಟ್ಟಿ ಒಳಗಿಡುವವರಿದ್ದಾರೆ. ವಾಸನೆ ಕಡಿಮೆಯಾದೀತು, ತೇವ ಹೀರುವುದಕ್ಕೆ ಸಿಲಿಕಾ ಜೆಲ್ ಪೊಟ್ಟಣವೇ ಮೇಲು.

ಪ್ಲಾಸ್ಟಿಕ್ ಹೊದಿಕೆ ಮಾತ್ರ ಬೇಡವೇ ಬೇಡ. ಟರ್ಪಾಲು ಮುಚ್ಚಿದ ಒದ್ದೆ ಅಡಿಕೆಗೆ ಏನಾಗುತ್ತದೆಂದು ಈ ಊರಿನವರಿಗೆ ಹೇಳಿಕೊಡಬೇಕಿಲ್ಲ. ಗಾಳಿಯಾಡುವ ಬಟ್ಟೆಯ ಹೊದಿಕೆ ಸಿಗದಿದ್ದರೆ ಹಳೆಯ ಹತ್ತಿ ಬೆಡ್‌ಶೀಟ್ ಸಾಕು.

ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಹಿಂದಿನ ಚಕ್ರದ ಬ್ರೇಕ್ ಶೂ ಡ್ರಮ್ಮಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು, ಚಕ್ರದ ಹಿಂದೆ ಮುಂದೆ ಒಂದೊಂದು ಕೆಂಪುಕಲ್ಲಿನ ತುಂಡು ಕೊಟ್ಟರೆ ಆಯಿತು. ಟೈರಿಗೆ ನಾಲ್ಕೈದು ಪಿಎಸ್‌ಐ ಗಾಳಿ ಹೆಚ್ಚು ಹಾಕಿ.

ಬ್ಯಾಟರಿಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಕಾರು ಬೀಗ ಹಾಕಿ ನಿಂತಿದ್ದರೂ ಗಡಿಯಾರ, ಅಲಾರಂ, ಕಂಪ್ಯೂಟರುಗಳು ಒಂದಿಷ್ಟು ಕರೆಂಟು ಎಳೆಯುತ್ತಲೇ ಇರುತ್ತವೆ. ಅದು 50 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ತಿಂಗಳೊಳಗೆ ಬರಿದು. ಬರಿದಾಗಿಯೇ ಉಳಿದ ಬ್ಯಾಟರಿಯ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಮತ್ತೆ ಎಷ್ಟು ಚಾರ್ಜ್ ಮಾಡಿದರೂ ಅದು ಹಳೆಯ ಶಕ್ತಿಗೆ ಮರಳುವುದಿಲ್ಲ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.4ಕ್ಕಿಂತ ಇಳಿದರೆ ಚಾರ್ಜಿಗಿಡುವ ಹೊತ್ತು. ಯಾರೂ ಓಡಿಸುವವರಿಲ್ಲವೆಂದಾದರೆ ಮೈನಸ್ ತುದಿಯ ವಯರನ್ನು ಕಳಚಿಡಿ. ಕಳಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಡಿಕ್ಕಿಗೆ ಕರೆಂಟಿನ ಬೀಗವಿದ್ದರೆ ಆಮೇಲೆ ತೆರೆಯದು, ಒಳಗೆ ಬೇಕಾದದ್ದೇನಾದರೂ ಉಳಿದಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಫೋನಿನಲ್ಲಿ ಎಲ್ಲರೂ ಕೊಡುವ ಒಂದು ಸಲಹೆಯಿದೆ: ‘ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡು.’ ದುಬಾಯಿಯಿಂದ ಮಗ ಹೇಳುತ್ತಾನೆ, ಊರಿನಲ್ಲಿ ಅಪ್ಪ ನಿಷ್ಠೆಯಿಂದ ಮಾಡುತ್ತಾರೆ. ನನ್ನ ಪ್ರಕಾರ ಏನೂ ಮಾಡದೆ ಸುಮ್ಮನಿರುವುದೇ ಇದಕ್ಕಿಂತ ವಾಸಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಓಡುವ ಕಾರಿನಲ್ಲಿ ಸೈಲೆನ್ಸರ್ ಕಾದು ಅದು ಆವಿಯಾಗಿ ಹೋಗುತ್ತದೆ. ಐದು ನಿಮಿಷಕ್ಕೆ ಆರಿಸಿದರೆ ಅದೇ ನೀರು ತಣ್ಣಗಿನ ಸೈಲೆನ್ಸರಿನಲ್ಲಿ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಇಂಜಿನ್ ಆಯಿಲ್ ಕಾಯದ ಕಾರಣ ಅದಕ್ಕೆ ಸೇರಿದ ತೇವ, ಪೆಟ್ರೋಲು ಅಲ್ಲೇ ಉಳಿಯುತ್ತವೆ. ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜು ಕೂಡ ಆ ಐದು ನಿಮಿಷದಲ್ಲಿ ಪೂರ್ತಿ ತುಂಬದು. ಬೇಕಾದ್ದು ಓಡಾಟ. ಹದಿನೈದು ದಿನಕ್ಕೊಮ್ಮೆ ಹೆದ್ದಾರಿ ಹಿಡಿದು ಕರ್ನಾಟಕದ ಗಡಿಯ ತಲಪಾಡಿವರೆಗೆ ಹೋಗಿ ಬಂದರೆ ಇಂಜಿನ್, ಬ್ರೇಕ್, ಟೈರ್, ಬ್ಯಾಟರಿ ಎಲ್ಲದಕ್ಕೂ ಒಟ್ಟಿಗೇ ಮದ್ದು. ಅದಕ್ಕೇ ಕೀಲಿ ಸಿಗಬೇಕಾದ್ದು ಲೈಸೆನ್ಸ್ ಇರುವ, ನಂಬಿಕೆಯ ಒಬ್ಬರ ಕೈಗೆ.

ಹಾಗೆ ತಲಪಾಡಿಗೆ ಹೋದವರು ಗಡಿಯಾಚೆ ಟ್ಯಾಂಕ್ ತುಂಬಿಸಿಕೊಂಡೇ ಬರುತ್ತಾರೆ, ಕರ್ನಾಟಕದಲ್ಲಿ ಪೆಟ್ರೋಲ್ ಅಗ್ಗವಲ್ಲವೇ! ನಿಲ್ಲಿಸಿಡುವ ಕಾರಿಗೂ ಅದು ಒಳ್ಳೆಯದೇ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ, ಎಥನಾಲ್ ತೇವ ಹೀರುತ್ತದೆ. ಹೀರಿದ್ದು ಮಿತಿ ಮೀರಿದರೆ ನೀರೂ ಎಥನಾಲೂ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಟ್ಯಾಂಕ್ ತುಂಬಿದ್ದರೆ ಒದ್ದೆ ಗಾಳಿಗೆ ಜಾಗ ಕಡಿಮೆ. ಹಾಗೆಂದು ಹತ್ತು ತಿಂಗಳು ಅದೇ ಪೆಟ್ರೋಲನ್ನು ಇಡಬಾರದು, ಅದೂ ಹಳಸುತ್ತದೆ. ಡೀಸೆಲ್ ಕಾರಿನವರು ಮಳೆಗಾಲಕ್ಕೆ ಮೊದಲು ಫ್ಯುಯೆಲ್ ಫಿಲ್ಟರಿನ ನೀರು ತೆಗೆಸಬೇಕು.

ಇನ್ನು ಇಲಿ. ಹೊರಗೆ ಮಳೆ ಹಿಡಿದಾಗ ಅದಕ್ಕೆ ಇಂಜಿನಿನ ಮೂಲೆಗಿಂತ ಬೆಚ್ಚನೆಯ ಜಾಗ ಎಲ್ಲಿ ಸಿಗಬೇಕು? ಹೊಗೆಸೊಪ್ಪು, ನುಸಿಗುಳಿಗೆ ಎಂದು ಒಬ್ಬೊಬ್ಬರದು ಒಂದೊಂದು ಉಪಾಯ. ವಾಸನೆ ಆರಿದ ಮೇಲೆ ಇಲಿ ಮತ್ತೆ ಹಾಜರು. ಸೀಟಿನಡಿಯ ಬಿಸ್ಕೆಟ್ ಚೂರು ಗುಡಿಸಿ ತೆಗೆಯುವುದು, ಶೆಡ್ಡಿನಲ್ಲಿ ಅಕ್ಕಿ, ಹಿಂಡಿ, ಕೋಳಿಯ ಆಹಾರ ಇಡದಿರುವುದು, ಬಾನೆಟ್ಟನ್ನು ಆಗಾಗ ತೆರೆದು ನೋಡುವುದು, ಇವೇ ಹೆಚ್ಚು ಫಲ ಕೊಡುವಂಥವು. ಇಲಿಯ ಹಿಂದೆ ಹಾವೂ ಬರುತ್ತದೆ, ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ.

ಓಡದ ಕಾರಿಗೆ ವಿಮೆ ಯಾಕೆ ಎಂದು ಉಳಿತಾಯ ಮಾಡುವವರಿಗೆ ಒಂದು ಮಾತು. ಶೆಡ್ಡಿನ ಮೇಲೆ ತೆಂಗಿನ ಮರ ಬೀಳುವುದಕ್ಕೆ, ಅಂಗಳಕ್ಕೆ ನೆರೆ ನುಗ್ಗುವುದಕ್ಕೆ ಕಾರು ಓಡುತ್ತಿರಬೇಕೆಂದಿಲ್ಲ. ಆ ನಷ್ಟಕ್ಕೆ ಕಾಂಪ್ರಹೆನ್ಸಿವ್ ವಿಮೆಯೇ ಆಗಬೇಕು, ಥರ್ಡ್ ಪಾರ್ಟಿ ವಿಮೆಯಿಂದ ಏನೂ ಸಿಗದು. ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ವರ್ಷಗಳಿಂದ ಕೂಡಿಬಂದ ನೋ ಕ್ಲೇಮ್ ಬೋನಸ್ ಕೂಡ ಹೋಗುತ್ತದೆ. ಮರಳುವ ವಿಮಾನದ ಟಿಕೆಟ್ ತೆಗೆಯುವ ದಿನವೇ ಕಾರಿನ ವಿಮೆ ಯಾವಾಗ ಮುಗಿಯುತ್ತದೆಂದೂ ನೋಡಿಟ್ಟುಕೊಳ್ಳಿ.