ತೆಳುಗಾಳಿಯಲ್ಲಿ ಹಾರಾಟ

ಉದಕಮಂಡಲದಿಂದ ದೊಡ್ಡಬೆಟ್ಟದ ನೆತ್ತಿಗೆ ನಡೆದು ಏರಿದವರಿಗೆ ಉಸಿರು ಬಿರುಸಾಗುವ ಅನುಭವ ಹೊಸತಲ್ಲ. ದೊಡ್ಡಬೆಟ್ಟದ ಎತ್ತರ 2637 ಮೀಟರು. ಅದರ ಮೂರು ಪಟ್ಟು ಎತ್ತರಕ್ಕೆ ಏರಿದ ಆರಂಭಕಾಲದ ಆಕಾಶಯಾನಿಗಳ ಪಾಡು ಹೇಗಿದ್ದಿರಬೇಕು?

ಮೇಲೇರಿದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆಂದು ಅನೇಕರು ಭಾವಿಸುವುದುಂಟು. ವಾಸ್ತವವಾಗಿ ಆ ಪಾಲು ಶೇಕಡಾ 21ರಷ್ಟೇ ಇರುತ್ತದೆ. ಕುಗ್ಗುವುದು ಗಾಳಿಯ ಒತ್ತಡ. ಸುಮಾರು 5500 ಮೀಟರಿನಲ್ಲಿ ಅದು ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ. ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕವನ್ನು ನೂಕುವುದು ಈ ಒತ್ತಡವೇ ಆದುದರಿಂದ, ಎಷ್ಟು ಉಸಿರೆಳೆದರೂ ಮೆದುಳಿಗೆ ಬೇಕಾದಷ್ಟು ದೊರೆಯದು.

ಈ ಕೊರತೆ ನೋವಿನ ರೂಪದಲ್ಲಿ ಬಾರದಿರುವುದೇ ದೊಡ್ಡ ಅಪಾಯ. 1875ರ ಏಪ್ರಿಲ್ 15ರಂದು ಫ್ರಾನ್ಸಿನ ಮೂವರು ‘ಜೆನಿತ್’ ಎಂಬ ಬಲೂನಿನಲ್ಲಿ ಏರಿದರು. ಆಮ್ಲಜನಕ ಬೆರೆಸಿದ ಗಾಳಿಯ ಚೀಲಗಳು ಬಳಿಯಲ್ಲಿಯೇ ಇದ್ದವು. 8000 ಮೀಟರು ಸಮೀಪಿಸಿದಾಗ ಗಾಸ್ಟಾನ್ ಟಿಸ್ಸಾಂಡಿಯೆ ಅದರ ಕೊಳವೆಯನ್ನು ಹಿಡಿಯಬಯಸಿದರು, ತೋಳು ಮೇಲೇಳಲಿಲ್ಲ. ಆಗ ತಮಗೆ ಯಾತನೆಯೇ ಇರಲಿಲ್ಲ, ಬದಲಾಗಿ ಒಳಗೊಳಗೇ ಹರ್ಷವೆನಿಸಿತೆಂದು ಅವರು ಬಳಿಕ ಬರೆದರು. ಸಂಗಡಿಗರಾದ ಕ್ರೋಸೆ-ಸ್ಪಿನೆಲಿ ಮತ್ತು ಸಿವೆಲ್ ಜೀವಂತವಾಗಿ ಮರಳಲಿಲ್ಲ.

1933ರ ಏಪ್ರಿಲ್ 3ರಂದು ಬಿಹಾರದ ಪೂರ್ಣಿಯಾ ಬಳಿಯಿಂದ ಹೊರಟ ಎರಡು ಬ್ರಿಟಿಷ್ ವಿಮಾನಗಳು ಎವರೆಸ್ಟ್ ಶಿಖರದ ಮೇಲೆ ಹಾರಿದವು. ಒಳಗೆ ಒತ್ತಡವನ್ನು ಕಾಯುವ ಏರ್ಪಾಡು ಇರಲಿಲ್ಲ. ವಿದ್ಯುತ್ತಿನಿಂದ ಬೆಚ್ಚಗಾಗುವ ಉಡುಪು, ಮುಖವಾಡ ಮತ್ತು ಆಮ್ಲಜನಕದ ಕೊಳವೆಗಳೇ ಆಸರೆ. ಛಾಯಾಗ್ರಾಹಕ ಬಾನೆಟ್ಟರ ಕೊಳವೆ ಬಿರುಕುಬಿಟ್ಟಿತು. ಅವರು ತಮ್ಮ ಕರವಸ್ತ್ರವನ್ನು ಅದಕ್ಕೆ ಸುತ್ತಿ, ಪ್ರಜ್ಞೆ ತಪ್ಪಿ ಕುಸಿದರು. ವಿಮಾನವು ಕೆಳಗಿಳಿದ ಮೇಲೆ ಚೇತರಿಸಿಕೊಂಡರು.

1940ರಲ್ಲಿ ಬೋಯಿಂಗ್ ಸ್ಟ್ರಾಟೋಲೈನರ್ ವಿಮಾನವು ಒತ್ತಡ ಕಾಯ್ದ ಕೋಣೆಯೊಡನೆ ಪ್ರಯಾಣಿಕರ ಸೇವೆಗೆ ಬಂದಿತು. ಇಂದಿನ ದೊಡ್ಡ ವಿಮಾನ 11,000 ಮೀಟರಿನಲ್ಲಿ ಹಾರುತ್ತಿದ್ದರೂ, ಒಳಗಿನ ಗಾಳಿ ಸುಮಾರು 2400 ಮೀಟರಿನ ಗಾಳಿಗಿಂತ ತೆಳುವಾಗದಂತೆ ನೋಡಿಕೊಳ್ಳಲಾಗುತ್ತದೆ. ಅಂದರೆ ಪ್ರಯಾಣಿಕನು ಉಸಿರಾಡುವುದು ಉದಕಮಂಡಲಕ್ಕೂ ದೊಡ್ಡಬೆಟ್ಟಕ್ಕೂ ನಡುವಣ ಗಾಳಿಯನ್ನು! ಆದರೆ ಅನೇಕ ಸಣ್ಣ ವಿಮಾನಗಳಲ್ಲಿ ಈ ಸೌಕರ್ಯ ಇಂದಿಗೂ ಇಲ್ಲ. ಸುಮಾರು 3800 ಮೀಟರಿಗಿಂತ ಮೇಲೆ ಅರ್ಧ ಗಂಟೆ ಮೀರಿದರೆ ಅಂತಹ ವಿಮಾನದ ಚಾಲಕನು ಆಮ್ಲಜನಕವನ್ನು ಬಳಸಲೇಬೇಕೆಂಬುದು ಅಮೆರಿಕದ ನಿಯಮ. ತನಗೆ ಏನೂ ಆಗಿಲ್ಲವೆಂಬ ಅವನ ಅನಿಸಿಕೆಗೆ ಅಲ್ಲಿ ಬೆಲೆಯಿಲ್ಲ.

ವಿಮಾನ ಹೊರಡುವ ಮುನ್ನ ಪರಿಚಾರಿಕೆಯು, ಮುಖವಾಡ ಇಳಿದುಬಂದರೆ ಮೊದಲು ನೀವು ಧರಿಸಿ, ಆಮೇಲೆ ಮಗುವಿಗೆ ತೊಡಿಸಿ ಎನ್ನುತ್ತಾಳೆ. ತಾಯಂದಿರಿಗೆ ಈ ಮಾತು ನಿಷ್ಠುರವೆನಿಸಬಹುದು. ಕೊಳವೆ ಎದುರಿಗಿದ್ದೂ ಕೈ ಎತ್ತಲಾರದೆ ಹೋದ ಆ ಬಲೂನಿನ ಯಾನಿಯನ್ನು ನೆನೆದರೆ ಅದರ ಮರ್ಮ ತಿಳಿಯುತ್ತದೆ: ತನ್ನ ಎಚ್ಚರ ಉಳಿದರೆ ಮಾತ್ರ ಮಗುವನ್ನು ಉಳಿಸಲು ಸಾಧ್ಯ.