ಚಿಂಚೋಳಿಗೆ ತಜ್ಞ ವೈದ್ಯರು ಯಾಕೆ ಬರೋದಿಲ್ಲ?

ಕಲಬುರಗಿಯಲ್ಲಿ ಇಷ್ಟು ಮೆಡಿಕಲ್ ಕಾಲೇಜುಗಳಿದ್ದರೂ ತಜ್ಞರು ಚಿಂಚೋಳಿ ಕಡೆ ತಲೆ ಹಾಕೋದಿಲ್ಲವಲ್ಲ, ಯಾಕೆ? ಓದುಗರೊಬ್ಬರ ಪ್ರಶ್ನೆ ಇದು. ಎಂ.ಆರ್. ಮೆಡಿಕಲ್ ಕಾಲೇಜು ಶುರುವಾದದ್ದು 1963ರಲ್ಲಿ. ಆಮೇಲೆ ಇಎಸ್‌ಐಸಿ, ಜಿಮ್ಸ್ ಬಂದವು. ಸೀಟು ಹೆಚ್ಚಿಸಿದರೆ ಡಾಕ್ಟರು ತಾವಾಗಿ ಹರಡುತ್ತಾರೆ ಅನ್ನೋದು ಸರಕಾರಗಳ ಹಳೇ ನಂಬಿಕೆ.

ಅದಕ್ಕೆ ಲೆಕ್ಕದ ಬಲ ಕೊಟ್ಟವರು ಅಮೆರಿಕದ ಅರ್ಥಶಾಸ್ತ್ರಜ್ಞ ಜೋಸೆಫ್ ನ್ಯೂಹೌಸ್ ಮತ್ತು ಸಂಗಡಿಗರು, 1982ರಲ್ಲಿ. ವಾಡಿ ಸ್ಟೇಷನ್ ಹೊರಗೆ ಒಬ್ಬ ಮಿರ್ಚಿ ಬಂಡಿ ಇಟ್ಟ ಅನ್ನಿ. ಎರಡನೆಯವನೂ ಪಕ್ಕದಲ್ಲೇ ಇಡುತ್ತಾನೆ, ಗಿರಾಕಿ ಇರೋದು ಅಲ್ಲೇ ತಾನೆ! ಐದು ಬಂಡಿ ಆಗುವಷ್ಟರಲ್ಲಿ ಒಬ್ಬೊಬ್ಬರ ಪಾಲು ಸಣ್ಣದಾಗಿ, ಆರನೆಯವನು ಚಿತ್ತಾಪುರದ ದಾರಿ ಹಿಡಿಯುತ್ತಾನೆ. 1970ರ ದಶಕದ ಅಮೆರಿಕದಲ್ಲಿ ತಜ್ಞರು ಹೀಗೇ ಸಣ್ಣ ಊರುಗಳಿಗೆ ಇಳಿದದ್ದು ಅಂಕಿಅಂಶದಲ್ಲೂ ಕಂಡಿತು.

ಚೆಂದದ ಲೆಕ್ಕ. ಆದರೆ ಎಷ್ಟು ಮಿರ್ಚಿ ಬೇಕು ಅನ್ನೋದು ತಿನ್ನುವವನಿಗೆ ಗೊತ್ತು. ಸ್ಕ್ಯಾನಿಂಗ್ ಬೇಕೋ ಬೇಡವೋ ಹೇಳೋದು ಡಾಕ್ಟರೇ. ರೋಗಿಗೂ ವೈದ್ಯರಿಗೂ ನಡುವಿನ ಈ ತಿಳಿವಳಿಕೆಯ ಅಂತರವನ್ನು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಎತ್ತಿ ತೋರಿಸಿದ್ದರು. ಹಾಗಾಗಿ ಆರನೆಯ ತಜ್ಞರಿಗೂ ಕಲಬುರಗಿಯಲ್ಲೇ ಕೆಲಸ ಹುಟ್ಟಬಹುದು. ಮೇಲಾಗಿ ಬಂಡಿ ಹುಡುಕೋದು ಹಸಿವನ್ನಲ್ಲ, ಜೇಬನ್ನು. ವೇಲ್ಸಿನ ಕಲ್ಲಿದ್ದಲು ಗಣಿಯ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಇದನ್ನು 1971ರಲ್ಲಿ ನಿಯಮವಾಗಿಯೇ ಬರೆದರು: ಆರೈಕೆ ಎಲ್ಲಿ ಹೆಚ್ಚು ಬೇಕೋ ಅಲ್ಲಿ ಕಡಿಮೆ ಸಿಗುತ್ತದೆ, ಮಾರುಕಟ್ಟೆಯ ಕೈ ಮೇಲಾದಷ್ಟೂ ಇನ್ನೂ ಕಡಿಮೆ. ಕಲ್ಲುಗಣಿಗಳ ಶಹಾಬಾದಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು.

ರಾಜ್ಯ ಸರಕಾರ 2012ರಲ್ಲಿ, ವೈದ್ಯಕೀಯ ಓದು ಮುಗಿಸಿದವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷದ ಕಡ್ಡಾಯ ಸೇವೆಯ ಕಾಯ್ದೆ ತಂದಿತು. 2023ರಲ್ಲಿ, ಹುದ್ದೆ ಖಾಲಿ ಇದ್ದಷ್ಟಕ್ಕೆ ಸಾಕು ಎಂದು ಸಡಿಲಿಸಿತು. ನನಗಂತೂ ಇದರ ಮೇಲೆ ಭರವಸೆ ಕಡಿಮೆ. ಊರಿನ ಬಿಪಿ, ಶುಗರ್ ರೋಗಿಗಳ ಗುರುತು ಹತ್ತುವಷ್ಟರಲ್ಲಿ ವರ್ಷ ಮುಗಿದಿರುತ್ತದೆ, ಪಿಜಿ ಪರೀಕ್ಷೆಯ ಪುಸ್ತಕ ತೆರೆದಿರುತ್ತದೆ.

ಹಳ್ಳಿಯಲ್ಲಿ ಬೆಳೆದವರನ್ನು ಆರಿಸಿ ಓದಿಸಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ 2010ರ ಸಲಹೆ. ಸಂವಿಧಾನದ 371ಜೆ ವಿಧಿಯ ಪ್ರಕಾರ ಇಲ್ಲಿನ ಕಾಲೇಜುಗಳ ಸರಕಾರಿ ಕೋಟಾದಲ್ಲಿ 70% ಸೀಟು ಸ್ಥಳೀಯರಿಗೇ. ಆದರೆ ಆ ಲೆಕ್ಕದಲ್ಲಿ ಕಲಬುರಗಿ ಪೇಟೆಯ ಹುಡುಗನೂ ಚಿಂಚೋಳಿ ತಾಂಡಾದ ಹುಡುಗಿಯೂ ಒಂದೇ. ಥಾಯ್ಲೆಂಡ್ 1994ರಿಂದ ಇನ್ನೂ ಹತ್ತಿರದ ಲೆಕ್ಕ ಹಿಡಿದಿದೆ: ಹಳ್ಳಿಗಾಡಿನ ವಿದ್ಯಾರ್ಥಿಗಳನ್ನು ಆರಿಸಿ, ಕೊನೆಯ ವರ್ಷಗಳ ತರಬೇತಿಯನ್ನು ಪ್ರಾಂತ್ಯದ ಆಸ್ಪತ್ರೆಗಳಲ್ಲೇ ಕೊಟ್ಟು, ತವರಿನ ಕಡೆಗೇ ಕೆಲಸಕ್ಕೆ ಕಳಿಸುತ್ತದೆ. ನಮ್ಮಲ್ಲೂ 371ಜೆ ಸೀಟಿಗೆ ತಾಲ್ಲೂಕಿನ ಗುರುತು ಅಂಟಿಸಿ, ತರಬೇತಿಯ ಒಂದಷ್ಟು ತಿಂಗಳನ್ನು ಸೇಡಂ, ಚಿಂಚೋಳಿ ಆಸ್ಪತ್ರೆಗಳಲ್ಲೇ ಇಡಬಹುದು. ಅದಕ್ಕೆ ಹೊಸ ಕಾಲೇಜು ಬೇಕಿಲ್ಲ.