ಗಡಸು ಉಕ್ಕಿನ ಪ್ಲೇಟ್ ಬಾಗಿಸುವಾಗ ಬಿರುಕು ತಪ್ಪಿಸುವುದು

ಉಕ್ಕಿನ ಪ್ಲೇಟ್ ಬಾಗಿದಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಬಿರುಕು ಹುಟ್ಟುವುದು ಹಿಗ್ಗುವ ಮೈಯಲ್ಲಿ. ಟಿಪ್ಪರ್ ಬಾಡಿ, ಗಣಿಯಂತ್ರಗಳ ಬಕೆಟ್‌ಗಳಿಗೆ ಬಳಸುವ ಗಡಸು ಮಿಶ್ರಲೋಹ ಉಕ್ಕಿಗೆ ಬಲ ಹೆಚ್ಚು, ಹಿಗ್ಗುವ ಗುಣ ಕಡಿಮೆ.

ಸಾದಾ ಉಕ್ಕನ್ನು ಸಾಮಾನ್ಯವಾಗಿ ಅದರ ದಪ್ಪದಷ್ಟೇ ತ್ರಿಜ್ಯಕ್ಕೆ ಬಾಗಿಸಬಹುದು. 400 ಬ್ರಿನೆಲ್ ಗಡಸುತನದ ಪ್ಲೇಟಿಗೆ ಸುಮಾರು ಮೂರು-ನಾಲ್ಕು ಪಟ್ಟು ಬೇಕು. ಅಂದರೆ 10 ಮಿ.ಮೀ. ದಪ್ಪಕ್ಕೆ 30ರಿಂದ 40 ಮಿ.ಮೀ. ನಿಖರ ಅಳತೆಗೆ ತಯಾರಕರ ಕೋಷ್ಟಕವೇ ಆಧಾರ. ಬಾಗುವ ಗೆರೆ ರೋಲಿಂಗ್ ದಿಕ್ಕಿಗೆ ಅಡ್ಡವಾಗಿದ್ದರೆ ಒಳ್ಳೆಯದು.

ಅವಸರದಲ್ಲಿ ಮರೆತುಹೋಗುವುದು ಅಂಚು. ಗ್ಯಾಸ್ ಕಟಿಂಗ್‌ನಿಂದ ಅಂಚು ಇನ್ನಷ್ಟು ಪೆಡಸಾಗಿ, ಸಣ್ಣ ಗೀರುಗಳು ಉಳಿದಿರುತ್ತವೆ. ಬಿರುಕಿಗೆ ಅಷ್ಟು ಸಾಕು. ಗ್ರೈಂಡರ್‌ನಿಂದ ಆ ಪದರ ತೆಗೆದು, ಹಿಗ್ಗುವ ಬದಿಯ ಮೂಲೆಯನ್ನು ದುಂಡಗಾಗಿಸಬೇಕು. ಮೇಲ್ಮೈಯನ್ನು ಉಜ್ಜುವುದಾದರೆ ಉಜ್ಜಿದ ಗೆರೆಗಳು ಬಾಗುವ ಗೆರೆಗೆ ಅಡ್ಡವಾಗಿರಲಿ.

ಕಾಯಿಸಿ ಬಾಗಿಸುವುದು ಸುಲಭವೆನಿಸಬಹುದು. ಆದರೆ ಕಾರ್ಖಾನೆಯಲ್ಲಿ ಟೆಂಪರ್ ಮಾಡಿದ ಉಷ್ಣತೆಯನ್ನು ಮೀರಿದರೆ ಗಡಸುತನವೇ ಇಳಿಯುತ್ತದೆ. ದುಬಾರಿ ಪ್ಲೇಟು ಕೊಂಡದ್ದೇ ದಂಡ.

ಈ ಉಕ್ಕು ಹಿಂದಕ್ಕೆ ಚಿಮ್ಮುವುದೂ ಹೆಚ್ಚು. ಹೀಗಾಗಿ ಬೇಕಾದ ಕೋನಕ್ಕಿಂತ ತುಸು ಹೆಚ್ಚೇ ಬಾಗಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ಪ್ರೆಸ್‌ನ ಮುಂದೆ ಯಾರೂ ನಿಲ್ಲಬಾರದು, ಪಕ್ಕದಲ್ಲಿರಬೇಕು: ಮುರಿದ ಪ್ಲೇಟಿನ ಚೂರು ರಭಸದಿಂದ ಸಿಡಿಯುತ್ತದೆ.